ಯಾರ ಲೆಕ್ಕಕ್ಕೂ ಸೇರದ 23 ಜಿಬಿ

ಒಂದು ಡೇಟಾಬೇಸ್ ಸರ್ವರ್ ಐದು ವಾರಗಳಲ್ಲಿ ನಾಲ್ಕು ಸಲ ಮೆಮೊರಿ ಸಾಲದೆ ನೆಲಕಚ್ಚಿದ ಪ್ರಕರಣ ಇದು. ಯಾವ ಸಂಸ್ಥೆ, ಯಾವ ವ್ಯವಹಾರ ಎಂಬುದು ಇಲ್ಲಿ ಬೇಕಿಲ್ಲ. ಗುರುತು ಹತ್ತದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ, ಸಂಖ್ಯೆಗಳನ್ನು ಅಲ್ಲಲ್ಲಿ ದುಂಡಾಗಿಸಿದ್ದೇನೆ. ಪ್ರಮಾಣಗಳು ಮಾತ್ರ ಇದ್ದಂತೆಯೇ ಇವೆ. ಆ ಸರ್ವರನ್ನು ನೋಡಿಕೊಳ್ಳುತ್ತಿದ್ದ ಇಬ್ಬರಲ್ಲಿ ನಾನೊಬ್ಬ. ಮುಂದೆ ಬರುವ ತಪ್ಪು ನಿರ್ಧಾರಗಳಲ್ಲಿ ಎರಡು ನನ್ನವು. ಎಲ್ಲಕ್ಕಿಂತ ದುಬಾರಿಯಾದದ್ದೂ ನನ್ನದೇ.

ಸರ್ವರ್ ಹೇಗಿತ್ತು

64 ಜಿಬಿ ಮೆಮೊರಿಯ ಲಿನಕ್ಸ್ ಯಂತ್ರ. ಅದರ ಮೇಲೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ 15ನೇ ಆವೃತ್ತಿ, ಬೇರೆ ಯಾವ ದೊಡ್ಡ ತಂತ್ರಾಂಶವೂ ಇಲ್ಲ. ಶೇರ್ಡ್ ಬಫರ್ಸ್‌ಗೆ, ಅಂದರೆ ಪೋಸ್ಟ್‌ಗ್ರೆಸ್‌ನ ಎಲ್ಲ ಪ್ರೊಸೆಸ್‌ಗಳೂ ಹಂಚಿಕೊಳ್ಳುವ ಡೇಟಾದ ಮೆಮೊರಿಗೆ, 16 ಜಿಬಿ ಕೊಟ್ಟಿದ್ದೆವು. ಒಟ್ಟು ಮೆಮೊರಿಯಲ್ಲಿ ಕಾಲು ಭಾಗ ಎಂಬ ರೂಢಿಯ ಲೆಕ್ಕ. ವರ್ಕ್ ಮೆಮ್, ಅಂದರೆ ಕ್ವೆರಿಗಳು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳು) ಕೆಲಸಕ್ಕೆ ಬಳಸುವ ಮೆಮೊರಿಯ ಮಿತಿ, 64 ಎಂಬಿ. ಮೆಮೊರಿ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಸ್ವಾಪ್ ಜಾಗ ಇರಲಿಲ್ಲ. ಡೇಟಾಬೇಸ್‌ನ ಮುಂದೆ ಹತ್ತು ಅಪ್ಲಿಕೇಶನ್ ಸರ್ವರ್‌ಗಳಿದ್ದವು, ಪ್ರತಿಯೊಂದರಲ್ಲೂ ಸದಾ ತೆರೆದಿಟ್ಟು ಮರುಬಳಸುವ 50 ಕನೆಕ್ಷನ್‌ಗಳ ಗುಂಪು, ಅಂದರೆ ಪೂಲ್. ಹೀಗಾಗಿ ಹಗಲಿರುಳೂ 500ಕ್ಕೆ ಹತ್ತಿರ ಕನೆಕ್ಷನ್‌ಗಳು ಡೇಟಾಬೇಸ್‌ಗೆ ಅಂಟಿಕೊಂಡಿರುತ್ತಿದ್ದವು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಕನೆಕ್ಷನ್ ಎಂದರೆ ಥ್ರೆಡ್ ಅಲ್ಲ, ತನ್ನದೇ ಮೆಮೊರಿ ಇಟ್ಟುಕೊಳ್ಳುವ ಪೂರ್ತಿ ಒಂದು ಪ್ರೊಸೆಸ್. ಇದು ನಮಗೆ ಗೊತ್ತಿರದ ಸಂಗತಿಯೇನಲ್ಲ. ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆವು.

ಹಿಂದಿನ ತಿಂಗಳುಗಳಲ್ಲಿ ಎರಡು ಬದಲಾವಣೆಗಳಾಗಿದ್ದವು. ಮೂರು ತಿಂಗಳ ಹಿಂದೆ ಪೋಸ್ಟ್‌ಗ್ರೆಸ್ 12ರಿಂದ 15ಕ್ಕೆ ಬಂದಿದ್ದೆವು. ಅದಕ್ಕೂ ಎರಡು ತಿಂಗಳು ಮೊದಲು, ಒಂದು ಸಂಜೆ ಅಪ್ಲಿಕೇಶನ್ ನಿಧಾನವಾಯಿತೆಂದು, ಪ್ರತಿ ಪೂಲನ್ನು 20ರಿಂದ 50ಕ್ಕೆ ಏರಿಸಲಾಗಿತ್ತು. ಮೊದಲನೆಯದು ಎಲ್ಲರಿಗೂ ನೆನಪಿತ್ತು. ಎರಡನೆಯದು ಏರಿಸಿದವರಿಗೂ ನೆನಪಿರಲಿಲ್ಲ.

ಸರ್ವರ್ ಬೀಳಲು ಶುರುವಾದ ಹೊತ್ತಿಗೆ ಹತ್ತು ದಿನಗಳಿಂದ ಯಾವ ಬಿಡುಗಡೆಯೂ ಇರಲಿಲ್ಲ. ವಾರಕ್ಕೆ ಎರಡು ಸಲ ಹೊಸ ಆವೃತ್ತಿ ಬಿಡುತ್ತಿದ್ದ ಅಪ್ಲಿಕೇಶನ್ ತಂಡ, ಲೆಕ್ಕಪತ್ರ ಮುಗಿಸುವ ಅವಧಿಯೆಂದು ಎಲ್ಲವನ್ನೂ ನಿಲ್ಲಿಸಿತ್ತು. ಏನೂ ಬದಲಾಗದ ಕಾಲ, ನೆಮ್ಮದಿಯಿಂದ ಇರಬಹುದು ಎಂದುಕೊಂಡಿದ್ದೆವು.

ಮೊದಲ ಸಲ ಬಿದ್ದದ್ದು

ಒಂದು ಬುಧವಾರ ಬೆಳಿಗ್ಗೆ 10 ಗಂಟೆ ದಾಟುತ್ತಿದ್ದಂತೆ ಹತ್ತೂ ಅಪ್ಲಿಕೇಶನ್ ಸರ್ವರ್‌ಗಳು ಒಟ್ಟಿಗೆ ಡೇಟಾಬೇಸ್ ಸಿಗುತ್ತಿಲ್ಲ ಎಂದು ಕೂಗಿದವು. ಪೋಸ್ಟ್‌ಗ್ರೆಸ್ ಲಾಗ್‌ನಲ್ಲಿ ಒಂದು ಪ್ರೊಸೆಸ್ ಬಲವಂತವಾಗಿ ಕೊಲ್ಲುವ 9ನೇ ಸಿಗ್ನಲ್‌ನಿಂದ ಸತ್ತಿತೆಂಬ ಸಾಲು, ಅದರ ಕೆಳಗೆ ಉಳಿದೆಲ್ಲ ಪ್ರೊಸೆಸ್‌ಗಳನ್ನು ಮುಗಿಸಲಾಗುತ್ತಿದೆ ಎಂಬ ಸಾಲು, ಆಮೇಲೆ ಡೇಟಾಬೇಸ್ ರಿಕವರಿಯಲ್ಲಿದೆ ಎಂಬ ಒಂದೇ ಸಾಲು ನೂರಾರು ಬಾರಿ. ಸಿಗ್ನಲ್ ಕಳುಹಿಸಿದವರು ಯಾರೆಂಬುದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲಾಗ್‌ನಲ್ಲಿತ್ತು: ಲಿನಕ್ಸ್‌ನ ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್. ಮೆಮೊರಿ ಪೂರ್ತಿ ಬರಿದಾದಾಗ ಒಂದು ಪ್ರೊಸೆಸ್ಸನ್ನು ಆರಿಸಿ ಕೊಲ್ಲುವುದು ಅದರ ಕೆಲಸ.

ಅದು ಕೊಂದದ್ದು ಒಂದನ್ನೇ. ಆದರೆ ಪೋಸ್ಟ್‌ಗ್ರೆಸ್‌ನ ಒಂದು ಪ್ರೊಸೆಸ್ ಹೀಗೆ ಅರ್ಧದಲ್ಲಿ ಸತ್ತರೆ, ಎಲ್ಲರೂ ಹಂಚಿಕೊಂಡಿರುವ ಮೆಮೊರಿಯನ್ನು ಅದು ಯಾವ ಸ್ಥಿತಿಯಲ್ಲಿ ಬಿಟ್ಟುಹೋಗಿದೆಯೋ ತಿಳಿಯುವಂತಿಲ್ಲ. ಆದ್ದರಿಂದ ಪೋಸ್ಟ್‌ಗ್ರೆಸ್‌ನ ಮುಖ್ಯ ಪ್ರೊಸೆಸ್ ಆದ ಪೋಸ್ಟ್‌ಮಾಸ್ಟರ್ ಉಳಿದವನ್ನೂ ಕೊನೆಗೊಳಿಸಿ, ಹಂಚಿಕೆಯ ಮೆಮೊರಿಯನ್ನು ಹೊಸದಾಗಿ ಕಟ್ಟಿ, ಬದಲಾವಣೆಗಳನ್ನು ಮೊದಲೇ ಬರೆದಿಟ್ಟ ವಾಲ್ ದಾಖಲೆಗಳನ್ನು ಓದಿಕೊಂಡು ಮತ್ತೆ ಏಳುತ್ತದೆ. ನಮ್ಮಲ್ಲಿ ಇದಕ್ಕೆ ನಾಲ್ಕು ನಿಮಿಷ ಹಿಡಿಯಿತು.

ಸತ್ತ ಪ್ರೊಸೆಸ್ ನಡೆಸುತ್ತಿದ್ದುದು ಒಂದು ದೊಡ್ಡ ವರದಿಯ ಕ್ವೆರಿಯನ್ನು. ಅಷ್ಟು ಸಾಕಾಯಿತು. ವರದಿ ತಂಡದವರನ್ನು ಕರೆದು ಕೂರಿಸಿದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತು ಆಗ ನೆನಪಾಗಲಿಲ್ಲ. ಓಓಎಂ ಕಿಲ್ಲರ್ ಆರಿಸುವುದು ಆ ಕ್ಷಣದಲ್ಲಿ ದೊಡ್ಡದಾಗಿ ಕಾಣುವ ಪ್ರೊಸೆಸ್ಸನ್ನು. ಮೆಮೊರಿ ಬರಿದಾಗಲು ಕಾರಣ ಯಾರು ಎಂಬ ವಿಚಾರಣೆ ಅದು ನಡೆಸುವುದಿಲ್ಲ. ಅದರ ಕಣ್ಣಿಗೆ ಬೀಳುವ ಗಾತ್ರದಲ್ಲಿ ಹಂಚಿಕೆಯ ಮೆಮೊರಿಯೂ ಸೇರಿರುತ್ತದೆ. ಟೇಬಲ್‌ಗಳನ್ನು ಉದ್ದಕ್ಕೂ ಓದುವ ವರದಿಯ ಪ್ರೊಸೆಸ್ ಶೇರ್ಡ್ ಬಫರ್ಸ್‌ನ ಬಹುಭಾಗವನ್ನು ಮುಟ್ಟಿರುವುದರಿಂದ ಅದೇ ಎದ್ದು ಕಾಣುವುದು ಸಹಜ.

ಮದ್ದಿನ ಮೇಲೆ ಮದ್ದು

ವರದಿಗಳ ಮೇಲಿನ ಸಂಶಯಕ್ಕೆ ಆಧಾರವೇ ಇರಲಿಲ್ಲ ಎನ್ನಲಾರೆ. ವರ್ಕ್ ಮೆಮ್ ಎಂಬುದು ಒಂದು ಕನೆಕ್ಷನ್‌ಗೆ ಇರುವ ಮಿತಿಯಲ್ಲ. ಕ್ವೆರಿಯೊಳಗಿನ ಒಂದೊಂದು ಸಾರ್ಟ್‌ಗೆ (ವಿಂಗಡಣೆಗೆ), ಒಂದೊಂದು ಹ್ಯಾಶ್‌ಗೆ (ಸಾಲುಗಳನ್ನು ಹೊಂದಿಸಲು ಕಟ್ಟುವ ಕೋಷ್ಟಕಕ್ಕೆ) ಇರುವ ಮಿತಿ. ಜೊತೆಗೆ ಹ್ಯಾಶ್‌ಗೆ ಎಷ್ಟು ಪಟ್ಟು ಹೆಚ್ಚು ಕೊಡಬೇಕು ಎಂಬ ಗುಣಕವೊಂದಿದೆ. 13ನೇ ಆವೃತ್ತಿಯಲ್ಲಿ ಅದು ಬಂದಾಗ ಮೂಲ ಬೆಲೆ (ನಾವು ಬದಲಿಸದಿದ್ದರೆ ಇರುವ ಮೌಲ್ಯ) 1 ಇತ್ತು, 15ರಲ್ಲಿ 2 ಆಯಿತು. ಅಂದರೆ ನಾವು ಆವೃತ್ತಿ ಏರಿಸಿದಾಗ ಒಂದಕ್ಷರ ಬದಲಿಸದೆಯೂ ಪ್ರತಿ ಹ್ಯಾಶ್ 64ರ ಬದಲು 128 ಎಂಬಿ ಬಳಸಬಹುದಾಗಿತ್ತು. ಆರು ಹ್ಯಾಶ್‌ಗಳಿರುವ ಕ್ವೆರಿ, ಅದಕ್ಕೆ ಇಬ್ಬರು ಸಮಾಂತರ ಸಹಾಯಕರು. ಕೆಟ್ಟ ಸಂದರ್ಭದಲ್ಲಿ ಒಂದೇ ವರದಿಗೆ 2 ಜಿಬಿ ದಾಟುತ್ತದೆ.

ವರ್ಕ್ ಮೆಮ್ಮನ್ನು 64ರಿಂದ 16ಕ್ಕೆ ಇಳಿಸಿದೆವು. ವರದಿಗಳು ಡಿಸ್ಕ್‌ಗೆ ತಾತ್ಕಾಲಿಕ ಕಡತಗಳನ್ನು ಬರೆಯತೊಡಗಿ ಎರಡು ಪಟ್ಟು ನಿಧಾನವಾದವು. ವರದಿ ತಂಡ ಗೊಣಗಿತು. ಎಂಟನೇ ದಿನ ಸರ್ವರ್ ಮತ್ತೆ ಬಿತ್ತು.

ಆಗ ಒಂದೊಂದು ಪ್ರೊಸೆಸ್ಸಿನ ಒಳಗೆ ಇಣುಕಿದೆವು. 14ನೇ ಆವೃತ್ತಿಯಿಂದ ಈಚೆಗೆ, ಓಡುತ್ತಿರುವ ಯಾವುದೇ ಬ್ಯಾಕೆಂಡ್ (ಕನೆಕ್ಷನ್ನಿನ ಪ್ರೊಸೆಸ್) ತನ್ನ ಮೆಮೊರಿಯನ್ನು ಯಾವ ಯಾವ ಬಾಬತ್ತಿಗೆ ಇಟ್ಟುಕೊಂಡಿದೆ ಎಂದು ಲಾಗ್‌ಗೆ ಬರೆಸುವ ಸೌಲಭ್ಯವಿದೆ. ಹಲವನ್ನು ಬರೆಸಿ ನೋಡಿದಾಗ ಪ್ರತಿಯೊಂದೂ 38ರಿಂದ 40 ಎಂಬಿ ಇಟ್ಟುಕೊಂಡಿತ್ತು, ಬಹುಪಾಲು ಟೇಬಲ್‌ಗಳ ವಿವರಗಳ ಕ್ಯಾಶ್. ಸಾವಿರಕ್ಕೂ ಹೆಚ್ಚು ಪಾರ್ಟಿಶನ್‌ಗಳಿದ್ದ (ಟೇಬಲ್‌ಗಳ ತುಂಡುಗಳಿದ್ದ) ನಮ್ಮ ಡೇಟಾಬೇಸ್‌ನಲ್ಲಿ ಅದು ಆಶ್ಚರ್ಯವಲ್ಲ. 500 ಪ್ರೊಸೆಸ್‌ಗೆ 19 ಜಿಬಿ. ದೊಡ್ಡ ಮೊತ್ತ. ಸಿಕ್ಕಿತು ಎಂದುಕೊಂಡೆವು. 16ಕ್ಕೆ 19 ಸೇರಿದರೆ 35, ಇನ್ನೂ 29 ಉಳಿಯಬೇಕಲ್ಲ ಎಂದು ಯಾರೂ ಕೇಳಲಿಲ್ಲ. ದೊಡ್ಡ ಸಂಖ್ಯೆಯೊಂದು ಕೈಗೆ ಸಿಕ್ಕ ಸಂಭ್ರಮದಲ್ಲಿ ಕಳೆಯುವ ಲೆಕ್ಕ ಮರೆತೆವು.

ಮುಂದಿನದು ನನ್ನ ಮೊದಲ ತಪ್ಪು. 16 ಜಿಬಿ ಸ್ವಾಪ್ ಸೇರಿಸಿದೆ. ತೀರಾ ಇಕ್ಕಟ್ಟಾದಾಗ ಉಸಿರಾಡಲು ಜಾಗ ಸಿಗಲಿ ಎಂಬುದು ಉದ್ದೇಶ. ಹದಿನೇಳನೇ ದಿನ ಸರ್ವರ್ ಬೀಳಲಿಲ್ಲ, ತೂಕಡಿಸಿತು. 40 ನಿಮಿಷ ಯಾವ ಕ್ವೆರಿಯೂ ಮುಗಿಯಲಿಲ್ಲ, ಯಾವುದೂ ಸಾಯಲೂ ಇಲ್ಲ. ಲಾಗಿನ್ ಆಗಲು ಹೋದರೆ ಅಕ್ಷರ ಮೂಡಲು ಹತ್ತು ಸೆಕೆಂಡು. ಕೊನೆಗೆ ಯಂತ್ರವನ್ನೇ ಮರುಚಾಲನೆ ಮಾಡಿದೆವು. ನಾಲ್ಕು ನಿಮಿಷದಲ್ಲಿ ಮುಗಿಯುತ್ತಿದ್ದ ತೊಂದರೆಯನ್ನು ಒಂದು ಗಂಟೆಗೆ ಎಳೆದಿದ್ದೆ. ಸ್ವಾಪ್ ಏಕೆ ನೆರವಾಗಲಿಲ್ಲ ಎಂಬುದು ಆಗ ಗೊತ್ತಾಗಿದ್ದರೆ ಅಲ್ಲೇ ಕಾರಣ ಹೊಳೆಯುತ್ತಿತ್ತು. ನಾನು ಮಾತ್ರ ಡಿಸ್ಕ್ ನಿಧಾನವೆಂದು ಬೈದು ಸುಮ್ಮನಾದೆ.

ಓವರ್‌ಕಮಿಟ್ ಮಿತಿಯನ್ನು, ಅಂದರೆ ಕರ್ನಲ್ ಒಟ್ಟು ಎಷ್ಟು ಮೆಮೊರಿ ಕೊಡಲು ಒಪ್ಪಬಹುದು ಎಂಬುದನ್ನು, ಬಿಗಿಗೊಳಿಸುವ ಸಲಹೆಯೂ ಬಂತು. ಕೊಟ್ಟ ಮಿತಿ ಮೀರಿ ಮೆಮೊರಿ ಕೇಳಿದವರಿಗೆ ಕರ್ನಲ್ ಇಲ್ಲವೆನ್ನುತ್ತದೆ. ಪೋಸ್ಟ್‌ಗ್ರೆಸ್ ಆ ಒಂದು ಕ್ವೆರಿಗೆ ದೋಷ ತೋರಿಸಿ ಮುಂದೆ ಸಾಗುತ್ತದೆ, ಯಾರೂ ಸಾಯಬೇಕಿಲ್ಲ. ಒಳ್ಳೆಯ ಪದ್ಧತಿಯೇ. ಪರೀಕ್ಷಾ ಯಂತ್ರದಲ್ಲಿ ಹಾಕಿ ನೋಡಿದಾಗ ಹೊಸ ಕನೆಕ್ಷನ್‌ಗಳಿಗೆ ಪ್ರೊಸೆಸ್ ಹುಟ್ಟಿಸಲಾಗದೆ ಒದ್ದಾಡಿತು. ಕಾರಣ ಸರಳ: ಆ ಮಿತಿಯನ್ನು ನಿರ್ಧರಿಸುವ ಅನುಪಾತದ ಮೂಲ ಬೆಲೆ ಶೇಕಡ 50, ಅಂದರೆ ಸ್ವಾಪ್ ಜೊತೆಗೆ ಮೆಮೊರಿಯ ಅರ್ಧ ಮಾತ್ರ. ಅದನ್ನು ಏರಿಸಬೇಕಿತ್ತು. ನಾವು ಗಾಬರಿಯಾಗಿ ಆ ದಾರಿಯನ್ನೇ ಬಿಟ್ಟೆವು.

ದೊಡ್ಡ ಯಂತ್ರವೂ ಬಿತ್ತು

ಹದಿನೆಂಟನೇ ದಿನ ಮೆಮೊರಿಯನ್ನು 64ರಿಂದ 128 ಜಿಬಿಗೆ ಏರಿಸಲು ಒಪ್ಪಿಗೆ ಸಿಕ್ಕಿತು. ಇಲ್ಲಿ ನನ್ನ ಎರಡನೇ ತಪ್ಪು. ಮೆಮೊರಿ ಎರಡು ಪಟ್ಟಾದ ಮೇಲೆ ಕಾಲು ಭಾಗದ ಸೂತ್ರವೂ ಎರಡು ಪಟ್ಟಾಗಬೇಕಲ್ಲವೇ? ಶೇರ್ಡ್ ಬಫರ್ಸನ್ನು 16ರಿಂದ 32 ಜಿಬಿಗೆ ಏರಿಸಿದೆ. ಯಾರೂ ಪ್ರಶ್ನಿಸಲಿಲ್ಲ, ಏಕೆಂದರೆ ಎಲ್ಲರೂ ಅದನ್ನೇ ಮಾಡುತ್ತಿದ್ದರು. ವರದಿ ತಂಡದ ಒತ್ತಾಯಕ್ಕೆ ವರ್ಕ್ ಮೆಮ್ಮನ್ನು ಈ ಸಲ 128 ಎಂಬಿಗೆ ಎತ್ತಿದೆವು. ಜಾಗ ಬೇಕಾದಷ್ಟಿದೆಯಲ್ಲ!

ಒಂದು ವಾರ ಸುಖವಾಗಿತ್ತು. ಎರಡನೇ ವಾರ ಬಳಕೆಯ ಗೆರೆ ನಿಧಾನವಾಗಿ ಏರುತ್ತಿರುವುದು ಕಂಡಿತು. ಮೂವತ್ತೊಂದನೇ ದಿನ, ತಿಂಗಳ ಕೊನೆಯ ಹನ್ನೆರಡು ವರದಿಗಳು ಒಟ್ಟಿಗೆ ಹೊರಟಾಗ, 128 ಜಿಬಿಯ ಯಂತ್ರ ಬಿತ್ತು.

ಆ ದಿನದ ಸಭೆಯಲ್ಲಿ ಎಲ್ಲರೂ ಮೆಮೊರಿ ಸೋರಿಕೆ (ತೆಗೆದುಕೊಂಡ ಮೆಮೊರಿಯನ್ನು ಹಿಂತಿರುಗಿಸದ ದೋಷ) ಎಂಬ ಮಾತಿಗೆ ಬಂದಿದ್ದರು. ಏರುವ ಗೆರೆ, ಮರುಚಾಲನೆ ಆದೊಡನೆ ನೆಲಕ್ಕಿಳಿಯುವ ಗೆರೆ, ಮತ್ತೆ ಏರಿಕೆ. ಗರಗಸದ ಹಲ್ಲಿನ ಆ ಚಿತ್ರ ನೋಡಿದ ಯಾರೂ ಬೇರೇನೂ ಹೇಳುವುದಿಲ್ಲ. ಸೋರುತ್ತಿರುವುದು ಪೋಸ್ಟ್‌ಗ್ರೆಸ್ಸೋ, ನಾವು ಹಾಕಿದ್ದ ಎಕ್ಸ್‌ಟೆನ್ಶನ್ನೋ ಎಂಬುದಷ್ಟೇ ವಾದ. ಕೆಲವರು 12ಕ್ಕೆ ಹಿಂತಿರುಗೋಣ ಎಂದರು. ಇನ್ನು ಕೆಲವರು, ಅವರಲ್ಲಿ ನಾನೂ ಒಬ್ಬ, ತನಿಖೆ ಮುಗಿಯುವವರೆಗೆ 256 ಜಿಬಿ ಕೇಳೋಣ ಎಂದೆವು.

ಒಂದು ಪುಟದ ಲೆಕ್ಕ

ಬಾಗಿಲು ತೆರೆದದ್ದು ಯಾರ ಜಾಣತನದಿಂದಲೂ ಅಲ್ಲ, ಒಂದು ಅರ್ಜಿಯಿಂದ. ಯಂತ್ರಗಳ ಖರ್ಚು ನೋಡುವ ಮುಖ್ಯಸ್ಥರು ನಮ್ಮ ಕೋರಿಕೆಯನ್ನು ವಾಪಸ್ಸು ಕಳುಹಿಸಿದರು. ಜೊತೆಗೆ ಎರಡೇ ಸಾಲು: "ಈಗಿರುವ 128 ಜಿಬಿ ಎಲ್ಲೆಲ್ಲಿ ಹೋಗುತ್ತಿದೆ ಎಂಬುದನ್ನು ಬಾಬತ್ತುವಾರು ಒಂದು ಪುಟದಲ್ಲಿ ಕೊಡಿ. ಕೂಡಿದರೆ ಮೊತ್ತ ಬರಬೇಕು."

ನನಗೆ ಸಿಟ್ಟು ಬಂತು. ಸರ್ವರ್ ಬೀಳುತ್ತಿರುವಾಗ ಗುಮಾಸ್ತಿಕೆ ಮಾಡಬೇಕೇ? ಆದರೂ ಮಧ್ಯಾಹ್ನ ವರದಿಗಳಿಲ್ಲದ ಹೊತ್ತು ನೋಡಿಕೊಂಡು ಕುಳಿತೆ.

ಮೊದಲ ತೊಡಕು, ಓಡುತ್ತಿರುವ ಪ್ರೊಸೆಸ್‌ಗಳ ಪಟ್ಟಿ ಕೊಡುವ ಟಾಪ್ ಎಂಬ ಉಪಕರಣ ತೋರಿಸುವ ಸಂಖ್ಯೆಗಳದು. ಅಲ್ಲಿ ಪ್ರತಿ ಪೋಸ್ಟ್‌ಗ್ರೆಸ್ ಪ್ರೊಸೆಸ್ಸೂ ಇಪ್ಪತ್ತು ಚಿಲ್ಲರೆ ಜಿಬಿ ಹಿಡಿದಂತೆ ಕಾಣುತ್ತದೆ. ಎಲ್ಲವನ್ನೂ ಕೂಡಿದರೆ ಹತ್ತು ಸಾವಿರ ಜಿಬಿ ದಾಟುತ್ತದೆ. ಒಂದೇ ಶೇರ್ಡ್ ಬಫರ್ಸ್ 500 ಸಲ ಎಣಿಕೆಯಾಗುವುದರಿಂದ ಈ ಅಸಂಬದ್ಧ. ಅದಕ್ಕಾಗಿ ಎಲ್ಲರೂ ರೂಢಿಸಿಕೊಂಡಿರುವ ಉಪಾಯವೆಂದರೆ ಒಟ್ಟಿನಿಂದ ಹಂಚಿಕೆಯ ಭಾಗವನ್ನು ಕಳೆದು, ಉಳಿದದ್ದನ್ನು ಪ್ರೊಸೆಸ್ಸಿನ ಸ್ವಂತ ಮೆಮೊರಿ ಎನ್ನುವುದು. ನಾನು ಇನ್ನೂ ಕರಾರುವಾಕ್ಕಾಗಿರಲೆಂದು ಕರ್ನಲ್ ತನ್ನ ಮಾಹಿತಿ ತೋರಿಸುವ ಪ್ರಾಕ್ ಕಡತಕೋಶದ ಪಿಎಸ್‌ಎಸ್ ಅಂಕಿಗಳನ್ನು ಕೂಡಿದೆ. ಹಂಚಿಕೊಂಡ ಪುಟವನ್ನು (ಮೆಮೊರಿಯ ಚಿಕ್ಕ ತುಂಡನ್ನು) ಹಂಚಿಕೊಂಡವರ ಸಂಖ್ಯೆಯಿಂದ ಭಾಗಿಸಿ ಎಣಿಸುವ ಪದ್ಧತಿ ಅದು, ಆದ್ದರಿಂದ ಕೂಡಿದರೆ ಸರಿಯಾದ ಮೊತ್ತ ಬರಬೇಕು.

ಬಂದದ್ದು 51 ಜಿಬಿ. 32 ಶೇರ್ಡ್ ಬಫರ್ಸ್, 19 ಪ್ರೊಸೆಸ್‌ಗಳ ಸ್ವಂತದ್ದು. ಆದರೆ ಯಂತ್ರ ತೋರಿಸುತ್ತಿದ್ದ ಬಳಕೆ 78 ಜಿಬಿ. 27 ಜಿಬಿ ಯಾವ ಪ್ರೊಸೆಸ್ಸಿನ ಹೆಸರಿನಲ್ಲೂ ಇಲ್ಲ. "ಇತರೆ" ಎಂದು ಬರೆದು ಕಳುಹಿಸುವ ಆಸೆಯಾಯಿತು. ಕಾಲು ಭಾಗಕ್ಕೂ ಹೆಚ್ಚನ್ನು ಇತರೆ ಎನ್ನಲು ನಾಚಿಕೆಯಾಗಿ, ಇಡೀ ಯಂತ್ರದ ಮೆಮೊರಿಯ ಲೆಕ್ಕವಿರುವ ಮೆಮ್‌ಇನ್ಫೋ ಕಡತವನ್ನು ತೆರೆದು ಮೇಲಿನಿಂದ ಒಂದೊಂದೇ ಸಾಲು ಓದತೊಡಗಿದೆ. ಈ ಕಡತವನ್ನು ಸಾವಿರ ಸಲ ನೋಡಿದ್ದೇನೆ, ಮೊದಲ ನಾಲ್ಕೈದು ಸಾಲುಗಳ ಕೆಳಗೆ ಕಣ್ಣು ಹೋದದ್ದು ಅಪರೂಪ. ಅರ್ಧದಾಚೆ ಆ ಸಾಲು ಇತ್ತು: ಪೇಜ್‌ಟೇಬಲ್ಸ್, 2,48,83,212 ಕೆಬಿ.

23.7 ಜಿಬಿ.

ಪೇಜ್ ಟೇಬಲ್ ಎಂಬ ಖರ್ಚು

ಪ್ರತಿ ಪ್ರೊಸೆಸ್ ತನ್ನದೇ ವಿಳಾಸಗಳಲ್ಲಿ ಮಾತಾಡುತ್ತದೆ. ಆ ವಿಳಾಸ ನಿಜವಾದ ಮೆಮೊರಿಯಲ್ಲಿ ಎಲ್ಲಿದೆ ಎಂದು ಕರ್ನಲ್ ಪ್ರತಿ ಪ್ರೊಸೆಸ್‌ಗೂ ಒಂದು ಪಟ್ಟಿ ಇಟ್ಟಿರುತ್ತದೆ. ಮಾಮೂಲಿ ಪುಟದ ಗಾತ್ರ 4 ಕೆಬಿ, ಪಟ್ಟಿಯ ಒಂದು ನಮೂದು 8 ಬೈಟ್. ಶೇರ್ಡ್ ಬಫರ್ಸ್ 16 ಜಿಬಿ ಇದ್ದರೆ ಅದರಲ್ಲಿ ಸುಮಾರು 42 ಲಕ್ಷ ಪುಟಗಳು. ಅವೆಲ್ಲವನ್ನೂ ಒಂದು ಪ್ರೊಸೆಸ್ ಮುಟ್ಟಿದರೆ ಅದರ ಪಟ್ಟಿ 32 ಎಂಬಿ ಆಗುತ್ತದೆ. ಒಂದು ಪ್ರೊಸೆಸ್‌ಗೆ 32 ಎಂಬಿ ಯಾರ ಲೆಕ್ಕಕ್ಕೂ ಬರುವ ಮೊತ್ತವಲ್ಲ. ಆದರೆ ಡೇಟಾ ಒಂದೇ ಆದರೂ ಪಟ್ಟಿ ಹಂಚಿಕೆಯಾಗುವುದಿಲ್ಲ, ಪ್ರತಿಯೊಬ್ಬರದೂ ಬೇರೆ. 500 ಪ್ರೊಸೆಸ್‌ಗಳಿದ್ದರೆ 16 ಜಿಬಿಯ ಹತ್ತಿರ. 16 ಜಿಬಿ ಡೇಟಾ ಎಲ್ಲಿದೆ ಎಂದು ಬರೆದಿಟ್ಟುಕೊಳ್ಳಲು ಇನ್ನೂ ಅಷ್ಟೇ ಜಾಗ!

ನಾನು ಶೇರ್ಡ್ ಬಫರ್ಸನ್ನು 32ಕ್ಕೆ ಏರಿಸಿದಾಗ ಪ್ರತಿ ಪಟ್ಟಿಯ ಮೇಲ್ಮಿತಿಯೂ 64 ಎಂಬಿಗೆ ಏರಿತು. ಹೊಸದಾಗಿ ಸಿಕ್ಕ 64 ಜಿಬಿಯಲ್ಲಿ 16 ಬಫರ್ಸ್‌ಗೆ ಹೋಯಿತು, ಇನ್ನೊಂದು 16ರವರೆಗೆ ಪಟ್ಟಿಗಳಿಗೆ ಹೋಗುವ ವ್ಯವಸ್ಥೆಯನ್ನು ನಾನೇ ಮಾಡಿದ್ದೆ.

ಇಷ್ಟು ತಿಳಿದ ಮೇಲೆ ಹಳೆಯ ಒಗಟುಗಳು ಒಂದೊಂದಾಗಿ ಬಿಡಿಸಿಕೊಂಡವು. ಹೊಸ ಕನೆಕ್ಷನ್ನಿನ ಪಟ್ಟಿ ಚಿಕ್ಕದು; ಹೊಸ ಹೊಸ ಪುಟಗಳನ್ನು ಮುಟ್ಟಿದಂತೆಲ್ಲ ಬೆಳೆಯುತ್ತದೆ, ಪ್ರೊಸೆಸ್ ಸಾಯುವವರೆಗೆ ಕುಗ್ಗುವುದಿಲ್ಲ. ನಮ್ಮ ಪೂಲ್‌ಗಳಲ್ಲಿ ಕನೆಕ್ಷನ್ನಿನ ಆಯುಷ್ಯದ ಮಿತಿ ಸೊನ್ನೆ ಎಂದಿತ್ತು, ಸೊನ್ನೆ ಎಂದರೆ ಮಿತಿಯೇ ಇಲ್ಲ. ಹಾಗಿದ್ದರೂ ಮೊದಲು ಏಕೆ ಬೀಳಲಿಲ್ಲ? ವಾರಕ್ಕೆ ಎರಡು ಸಲ ಬಿಡುಗಡೆ ಆಗುತ್ತಿತ್ತಲ್ಲ, ಪ್ರತಿ ಸಲವೂ ಅಪ್ಲಿಕೇಶನ್ ಸರ್ವರ್‌ಗಳು ಮರುಚಾಲನೆಗೊಂಡು ಎಲ್ಲ ಕನೆಕ್ಷನ್‌ಗಳೂ ಹೊಸದಾಗುತ್ತಿದ್ದವು. ಬಿಡುಗಡೆ ನಿಂತೊಡನೆ ಅವು ಮುದಿಯಾಗತೊಡಗಿದವು. ಏನೂ ಬದಲಾಗಿಲ್ಲ ಎಂದು ನಾವು ಸಭೆಯಲ್ಲಿ ಹೇಳಿಕೊಂಡ ಸಮಾಧಾನವೇ ಕಾಯಿಲೆಯ ಮೂಲವಾಗಿತ್ತು.

ಸ್ವಾಪ್ ಏಕೆ ನೆರವಾಗಲಿಲ್ಲ ಎಂಬುದೂ ತಿಳಿಯಿತು. ಲಿನಕ್ಸ್‌ನಲ್ಲಿ ಪೇಜ್ ಟೇಬಲ್‌ಗಳನ್ನು ಸ್ವಾಪ್‌ಗೆ ಕಳುಹಿಸಲಾಗುವುದಿಲ್ಲ. ಇಕ್ಕಟ್ಟಾದಾಗ ಕರ್ನಲ್ ಹೊರಗೆ ಹಾಕಿದ್ದು ಕ್ವೆರಿಗಳಿಗೆ ಆ ಕ್ಷಣವೇ ಬೇಕಿದ್ದ ಪುಟಗಳನ್ನು, ಕುಳಿತಲ್ಲೇ ಕುಳಿತದ್ದು ಪಟ್ಟಿಗಳು. ಓವರ್‌ಕಮಿಟ್ ಮಿತಿಯನ್ನು ಸರಿಯಾಗಿ ಹಾಕಿದ್ದರೂ ಪೂರ್ತಿ ಉಳಿಯುತ್ತಿರಲಿಲ್ಲ, ಏಕೆಂದರೆ ಆ ಲೆಕ್ಕದಲ್ಲೂ ಪೇಜ್ ಟೇಬಲ್ ಸೇರುವುದಿಲ್ಲ. ಪ್ರೊಸೆಸ್ಸಿನ ಸ್ವಂತ ಮೆಮೊರಿ, ಹಂಚಿಕೆಯ ಮೆಮೊರಿ, ಪೋಸ್ಟ್‌ಗ್ರೆಸ್ ತಾನೇ ಬರೆಸುವ ಬಾಬತ್ತುಗಳು, ಯಾವುದರಲ್ಲೂ ಅದು ಕಾಣುವುದಿಲ್ಲ. ನಮ್ಮ ಮಾನಿಟರಿಂಗ್ ಚಿತ್ರದಲ್ಲಿ ಅದು "ಬಳಕೆಯಲ್ಲಿ" ಎಂಬ ಒಂದೇ ಬಣ್ಣದೊಳಗೆ ಕರಗಿಹೋಗಿತ್ತು.

ಆಮೇಲೆ ಮೊದಲ ದಿನದ ಕರ್ನಲ್ ಲಾಗನ್ನು ಹುಡುಕಿ ತೆಗೆದೆ. ಓಓಎಂ ಕಿಲ್ಲರ್ ಕೊಲ್ಲುವ ಮುನ್ನ ಆ ಕ್ಷಣದ ಮೆಮೊರಿಯ ಪೂರ್ತಿ ಚಿತ್ರಣವನ್ನು ಬರೆದಿಟ್ಟು ಹೋಗುತ್ತದೆ. ಅದರಲ್ಲಿ ಪೇಜ್‌ಟೇಬಲ್ಸ್ 33,03,014 ಎಂದಿತ್ತು. ಅದು ಪುಟಗಳ ಎಣಿಕೆ. 4 ಕೆಬಿಯಿಂದ ಗುಣಿಸಿದರೆ 12.6 ಜಿಬಿ. ಕೆಳಗಿನ ಪ್ರೊಸೆಸ್‌ಗಳ ಪಟ್ಟಿಯಲ್ಲೂ ಪ್ರತಿಯೊಂದರ ಪೇಜ್ ಟೇಬಲ್ಲಿಗೆ ಒಂದು ಕಾಲಂ ಇತ್ತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಐದು ವಾರ ಊರೆಲ್ಲ ಹುಡುಕಿದ್ದೆವು. ಆ ದಿನ ನಾವು ಲಾಗ್‌ನಲ್ಲಿ ಓದಿದ್ದು ಸತ್ತವರ ಹೆಸರಿದ್ದ ಕೊನೆಯ ಸಾಲನ್ನು ಮಾತ್ರ.

ಸರಿಪಡಿಸಿದ ಬಗೆ

ರೋಗನಿರ್ಣಯ ಸರಿಯೇ ಎಂದು ನೋಡಲು ಅಗ್ಗದ ಪರೀಕ್ಷೆಯೊಂದಿತ್ತು. ಪೂಲ್‌ಗಳಲ್ಲಿ ಕನೆಕ್ಷನ್ ಆಯುಷ್ಯವನ್ನು ಸೊನ್ನೆಯಿಂದ 30 ನಿಮಿಷಕ್ಕೆ ಇಳಿಸಲು ಅಪ್ಲಿಕೇಶನ್ ತಂಡವನ್ನು ಕೇಳಿದೆವು. ಬಿಡುಗಡೆ ನಿಷೇಧ ಇನ್ನೂ ಇತ್ತು. ಒಂದು ಸಾಲಿನ ಬದಲಾವಣೆಗೆ ಮೂರು ಜನರ ಸಹಿ ಬೇಕಾಯಿತು. ಬದಲಾಯಿಸಿದ ಒಂದು ಗಂಟೆಯೊಳಗೆ ಪೇಜ್ ಟೇಬಲ್‌ಗಳು 23.7ರಿಂದ 6 ಜಿಬಿಗೆ ಇಳಿದವು. ಸೋರಿಕೆಯ ವಾದ ಅಲ್ಲಿಗೆ ಮುಗಿಯಿತು.

ಇದು ಪ್ರಥಮ ಚಿಕಿತ್ಸೆ. ಮುಂದಿನ ಪ್ರಶ್ನೆಯಲ್ಲಿ ನಮ್ಮೊಳಗೇ ಭಿನ್ನಾಭಿಪ್ರಾಯವಿತ್ತು: ಪಟ್ಟಿಯನ್ನು ಚಿಕ್ಕದು ಮಾಡಬೇಕೋ, ಪಟ್ಟಿ ಇಟ್ಟುಕೊಳ್ಳುವವರನ್ನು ಕಡಿಮೆ ಮಾಡಬೇಕೋ? ಮೊದಲನೆಯದಕ್ಕೆ ಹ್ಯೂಜ್ ಪೇಜ್‌ಗಳು. 4 ಕೆಬಿಯ ಬದಲು 2 ಎಂಬಿಯ ಪುಟ ಬಳಸಿದರೆ 32 ಜಿಬಿಗೆ 84 ಲಕ್ಷ ನಮೂದುಗಳ ಜಾಗದಲ್ಲಿ 16,384 ಸಾಕು. ನನ್ನ ಸಹೋದ್ಯೋಗಿ ಸಂರಚನೆ ತೆರೆದು ತೋರಿಸಿದರು: "ನಮ್ಮಲ್ಲಿ ಹ್ಯೂಜ್ ಪೇಜ್ ಈಗಾಗಲೇ ಇದೆಯಲ್ಲ, ನೋಡಿ, ಟ್ರೈ ಎಂದಿದೆ." ಅದೇ ಮೂಲ ಬೆಲೆ. ಟ್ರೈ ಎಂದರೆ ಸಿಕ್ಕರೆ ಬಳಸು, ಇಲ್ಲದಿದ್ದರೆ ಸದ್ದಿಲ್ಲದೆ ಮಾಮೂಲಿ ಪುಟಗಳಿಗೆ ಇಳಿ ಎಂದರ್ಥ. ಕರ್ನಲ್‌ನಲ್ಲಿ ಮೀಸಲಿಟ್ಟ ಹ್ಯೂಜ್ ಪೇಜ್‌ಗಳ ಸಂಖ್ಯೆ ಸೊನ್ನೆ. ಮೀಸಲಿಡದೆಯೇ ಕರ್ನಲ್ ದೊಡ್ಡ ಪುಟ ಕೊಡುವ ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ ಎಂಬುದು ಬೇರೆಯೇ ಸಂಗತಿ, ಅದು ಚಾಲನೆಯಲ್ಲಿದ್ದರೂ ಶೇರ್ಡ್ ಬಫರ್ಸ್‌ಗೆ ತಾನಾಗಿ ಅನ್ವಯಿಸುವುದಿಲ್ಲ. ಎರಡೂ ಒಂದೇ ಎಂದು ನಂಬಿದವರು ತಂಡದಲ್ಲಿ ಇಬ್ಬರಿದ್ದರು.

ಪರೀಕ್ಷಾ ಯಂತ್ರದಲ್ಲಿ ಸರಿಯಾಗಿ 16,384 ಪುಟಗಳನ್ನು ಮೀಸಲಿಟ್ಟು ಪೋಸ್ಟ್‌ಗ್ರೆಸ್ ಎಬ್ಬಿಸಿದೆವು. ಎದ್ದಿತು. ಮೆಮೊರಿ ಬಳಕೆ ಮಾತ್ರ ಕಡಿಮೆಯಾಗುವ ಬದಲು 32 ಜಿಬಿ ಹೆಚ್ಚಾಯಿತು. ಹಂಚಿಕೆಯ ಮೆಮೊರಿಯಲ್ಲಿ ಶೇರ್ಡ್ ಬಫರ್ಸ್ ಅಲ್ಲದೆ ಬಫರ್‌ಗಳ ವಿವರ, ಲಾಕ್‌ಗಳ ಕೋಷ್ಟಕ ಮೊದಲಾದವೂ ಇರುತ್ತವೆ. ಬೇಕಿದ್ದುದು 16,700 ಚಿಲ್ಲರೆ. ಒಂದು ಪುಟ ಕಡಿಮೆಯಾದರೂ ಪೋಸ್ಟ್‌ಗ್ರೆಸ್ ಪೂರ್ತಿ ಮಾಮೂಲಿ ಪುಟಗಳಿಗೆ ಇಳಿಯುತ್ತದೆ, ಮೀಸಲಿಟ್ಟ 32 ಜಿಬಿ ಯಾರಿಗೂ ಸಿಗದೆ ಖಾಲಿ ಕೂರುತ್ತದೆ. ಇದನ್ನು ನೇರವಾಗಿ ಮುಖ್ಯ ಸರ್ವರ್‌ನಲ್ಲಿ ಮಾಡಿದ್ದರೆ ಐದನೇ ಸಲ ಬೀಳಲು ತಿಂಗಳ ಕೊನೆ ಬೇಕಾಗುತ್ತಿರಲಿಲ್ಲ.

15ನೇ ಆವೃತ್ತಿಯಿಂದ ಎಷ್ಟು ಹ್ಯೂಜ್ ಪೇಜ್ ಬೇಕೆಂದು ಪೋಸ್ಟ್‌ಗ್ರೆಸ್ಸೇ ಲೆಕ್ಕಹಾಕಿ ಹೇಳುತ್ತದೆ. ಆ ಸಂಖ್ಯೆಗೆ ಸ್ವಲ್ಪ ಸೇರಿಸಿ, ಯಂತ್ರ ಏಳುವಾಗಲೇ ಮೀಸಲಾಗುವಂತೆ ಬರೆದೆವು. ಓಡುತ್ತಿರುವ ಯಂತ್ರದಲ್ಲಿ ಮೆಮೊರಿ ಚೂರುಚೂರಾಗಿದ್ದರೆ ಒಟ್ಟಾಗಿ 2 ಎಂಬಿಯ ತುಂಡುಗಳು ಸಿಗುವ ಖಾತರಿ ಇಲ್ಲ. ಟ್ರೈ ಎಂಬುದನ್ನು ಆನ್ ಎಂದು ಬದಲಿಸಿದೆವು, ಪುಟ ಸಾಲದಿದ್ದರೆ ಪೋಸ್ಟ್‌ಗ್ರೆಸ್ ಏಳಲೇಬಾರದು. ಇದಕ್ಕೆ ಕೆಲವರು ಹೆದರಿದರು. ನಡುರಾತ್ರಿ ಸರ್ವರ್ ಏಳದಿದ್ದರೆ? ನನ್ನ ಪ್ರಕಾರ ಏಳದ ಸರ್ವರ್ ಕಾರಣವನ್ನು ಲಾಗ್‌ನಲ್ಲಿ ಬರೆಯುತ್ತದೆ, ಸದ್ದಿಲ್ಲದೆ ಇಳಿದದ್ದು ಎರಡು ವಾರದ ನಂತರ ಬೀಳುತ್ತದೆ. ಮೊದಲನೆಯದೇ ವಾಸಿ.

ಕನೆಕ್ಷನ್‌ಗಳ ಸಂಖ್ಯೆ ಇಳಿಸುವುದೇ ಹೆಚ್ಚು ಕಷ್ಟದ ಕೆಲಸವಾಯಿತು. ಒಂದು ವಾರ ಎಣಿಸಿ ನೋಡಿದಾಗ, 500ರಲ್ಲಿ ಯಾವುದೇ ಕ್ಷಣದಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದವು 20ರಿಂದ 30. ಆದರೂ ಪೂಲ್ ಪ್ರತಿ ಸಲ ಬೇರೆ ಬೇರೆ ಕನೆಕ್ಷನ್ ಕೊಡುತ್ತಿದ್ದುದರಿಂದ 500ಕ್ಕೆ 500 ಎಲ್ಲ ಪುಟಗಳನ್ನೂ ಮುಟ್ಟುತ್ತಿದ್ದವು. ನಡುವೆ ಪಿಜಿಬೌನ್ಸರ್ ಎಂಬ ಕನೆಕ್ಷನ್ ಹಂಚುವ ತಂತ್ರಾಂಶ ಇಟ್ಟು, ಟ್ರಾನ್ಸಾಕ್ಷನ್ ಕ್ರಮದಲ್ಲಿ 60 ಕನೆಕ್ಷನ್‌ಗಳಿಗೆ ಇಳಿಸಿದೆವು. ಈ ಕ್ರಮದಲ್ಲಿ ಒಂದು ಟ್ರಾನ್ಸಾಕ್ಷನ್ (ಒಟ್ಟಾಗಿ ಮುಗಿಯಬೇಕಾದ ಕ್ವೆರಿಗಳ ಗುಂಪು) ಮುಗಿದೊಡನೆ ಕನೆಕ್ಷನ್ ಇನ್ನೊಬ್ಬರ ಪಾಲಾಗುತ್ತದೆ. ಆದ್ದರಿಂದ ಸೆಷನ್ (ಒಂದು ಕನೆಕ್ಷನ್ನಿನ ಅವಧಿ) ಉದ್ದಕ್ಕೂ ಉಳಿಯಬೇಕಾದ ಯಾವುದೂ ನಡೆಯುವುದಿಲ್ಲ. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳದು (ಮೊದಲೇ ಸಿದ್ಧಪಡಿಸಿಟ್ಟ ಕ್ವೆರಿಗಳದು) ನಮಗೆ ತೊಡಕಾಗಲಿಲ್ಲ, 2023ರ 1.21ನೇ ಆವೃತ್ತಿಯಿಂದ ಪಿಜಿಬೌನ್ಸರ್ ಅವನ್ನು ನಿಭಾಯಿಸುತ್ತದೆ. ಆದರೆ ರಾತ್ರಿಯ ಒಂದು ಕೆಲಸ ಸೆಷನ್ ಮಟ್ಟದ ಅಡ್ವೈಸರಿ ಲಾಕ್ (ಅಪ್ಲಿಕೇಶನ್ ತಾನೇ ಹಾಕಿಕೊಳ್ಳುವ ಬೀಗ) ಹಿಡಿದು ಗಂಟೆಗಟ್ಟಲೆ ಇಟ್ಟುಕೊಳ್ಳುತ್ತಿತ್ತು. ಮೊದಲ ರಾತ್ರಿಯೇ ಅದು ಒಂದು ಕನೆಕ್ಷನ್‌ನಲ್ಲಿ ಲಾಕ್ ಹಿಡಿದು ಇನ್ನೊಂದರಲ್ಲಿ ಬಿಡಲು ಹೋಯಿತು. ಅದನ್ನು ತಿದ್ದುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಆ ಕೆಲಸಕ್ಕೆ ಮಾತ್ರ ಡೇಟಾಬೇಸ್‌ಗೆ ನೇರ ದಾರಿ ಬಿಟ್ಟೆವು. ಇವತ್ತಿಗೂ ಹಾಗೆಯೇ ಇದೆ.

ವರದಿಗಳಿಗೆ ಪ್ರತ್ಯೇಕ ಬಳಕೆದಾರ, ಆ ಬಳಕೆದಾರನಿಗೆ ಮಾತ್ರ 96 ಎಂಬಿ ವರ್ಕ್ ಮೆಮ್, ಉಳಿದವರಿಗೆ 16. ವರದಿಗಳ ಪೂಲ್‌ನಲ್ಲಿ ನಾಲ್ಕೇ ಕನೆಕ್ಷನ್.

ಈಗಿನ ಸ್ಥಿತಿ

ಎರಡೂ ಬದಲಾವಣೆಗಳ ನಂತರ ಪೇಜ್ ಟೇಬಲ್‌ಗಳು 300 ಎಂಬಿ ದಾಟಿಲ್ಲ. ಪ್ರೊಸೆಸ್‌ಗಳ ಸ್ವಂತ ಮೆಮೊರಿ 19ರಿಂದ 3 ಜಿಬಿಗೆ ಇಳಿಯಿತು, ಏಕೆಂದರೆ ಆ ಟೇಬಲ್ ವಿವರಗಳ ಕ್ಯಾಶನ್ನು ಇಟ್ಟುಕೊಳ್ಳುವವರೂ ಈಗ 70 ಜನ ಮಾತ್ರ. 256 ಜಿಬಿಯ ಅರ್ಜಿಯನ್ನು ಹಿಂಪಡೆದೆವು. 64ಕ್ಕೆ ಮರಳಬಹುದಿತ್ತು ಎಂಬುದು ನನ್ನ ಲೆಕ್ಕ, ಉಳಿದವರು ಒಪ್ಪಲಿಲ್ಲ. ಐದು ವಾರ ನಿದ್ದೆಗೆಟ್ಟವರೊಂದಿಗೆ ಆ ವಾದ ಮಾಡುವುದು ಸರಿಯೆನಿಸಲಿಲ್ಲ. ಬೇರೆ ಸರ್ವರ್‌ಗಳನ್ನೂ ತೆರೆದು ನೋಡಿದೆವು. ಎರಡರಲ್ಲಿ ಪೇಜ್ ಟೇಬಲ್ 4 ಜಿಬಿಯ ಮೇಲಿತ್ತು, ಒಂದೂ ಬಿದ್ದಿರಲಿಲ್ಲ. ಬಾಬತ್ತುವಾರು ಪುಟವನ್ನು ಈಗ ಪ್ರತಿ ಸೋಮವಾರ ಒಂದು ಸ್ಕ್ರಿಪ್ಟ್ ತುಂಬುತ್ತದೆ, ಇತರೆ ಎಂಬ ಸಾಲು ಮೊತ್ತದ ಶೇಕಡ 5 ದಾಟಿದರೆ ನಮಗೆ ಕರೆ ಬರುತ್ತದೆ.

ದೂರು ನಿಂತಿಲ್ಲ, ಅದರ ರೂಪ ಬದಲಾಗಿದೆ. ತಿಂಗಳ ಕೊನೆಯಲ್ಲಿ ಹನ್ನೆರಡು ವರದಿಗಳು ನಾಲ್ಕು ಕನೆಕ್ಷನ್‌ಗಳಿಗೆ ಸರದಿ ನಿಲ್ಲುತ್ತವೆ, ಕೊನೆಯದು ಹದಿನೈದು ನಿಮಿಷ ಕಾಯುತ್ತದೆ. ವರದಿ ತಂಡದ ಮುಖ್ಯಸ್ಥರು ನಾಲ್ಕನ್ನು ಎಂಟು ಮಾಡಿ ಎನ್ನುತ್ತಿದ್ದಾರೆ. ಮೊದಲ ದಿನ ಅವರನ್ನು ಕಟಕಟೆಯಲ್ಲಿ ನಿಲ್ಲಿಸಿದವರು ನಾವೇ ಆದ್ದರಿಂದ ಇಲ್ಲವೆನ್ನಲು ಸಂಕೋಚವಾಗುತ್ತದೆ. ಎಂಟು ಮಾಡಿದರೆ ಆ ಪುಟದಲ್ಲಿ ಯಾವ ಸಾಲು ಎಷ್ಟಾಗುತ್ತದೆ ಎಂದು ಬರೆದು ಕಳುಹಿಸಿದ್ದೇನೆ. ಅವರ ಉತ್ತರ ಇನ್ನೂ ಬಂದಿಲ್ಲ.